ಒಳಗೆ ಖೀಮಾ, ಹೊರಗೆ ನೂರಾರು ಪದರ

ಬೆಂಗಳೂರಿನ ಫ್ರೇಜರ್ ಟೌನ್‌ನ ಮಾಸ್ಕ್ ರೋಡ್‌ನಲ್ಲಿರುವ ಆಲ್ಬರ್ಟ್ ಬೇಕರಿಗೆ ಬೆಳಿಗ್ಗೆ ಹೋದರೆ ಬಾಗಿಲು ಮುಚ್ಚಿರುತ್ತದೆ. ಮಧ್ಯಾಹ್ನದ ಊಟ ಮುಗಿದು, ಬಿಸಿಲು ಸ್ವಲ್ಪ ಇಳಿದ ಮೇಲೆಯೇ ಅಲ್ಲಿ ವ್ಯಾಪಾರ ಶುರು. ಆಮೇಲೆ ಗಿರಾಕಿಗಳ ವಿಚಾರಣೆ ನಿಲ್ಲುವುದಿಲ್ಲ: ಖೀಮಾ ಪಫ್ ಬಿಸಿ ಇದೆಯಾ, ಭೇಜಾ ಪಫ್ ಖಾಲಿಯಾಯ್ತಾ? 1902ರಲ್ಲಿ ಆರಂಭವಾದ ಈ ಬೇಕರಿಗೆ ರಂಜಾನ್ ತಿಂಗಳಲ್ಲಿ ಖೀಮಾ ಸಮೋಸಕ್ಕೆ ಜನ ಮುತ್ತುತ್ತಾರೆ. ಗುಡ್ ಫ್ರೈಡೇ ಬಂದರೆ ಹಾಟ್ ಕ್ರಾಸ್ ಬನ್‌ಗೆ ಬರುತ್ತಾರೆ. ವರ್ಷವಿಡೀ ಬೇಡಿಕೆ ಇರುವುದು ಮಾತ್ರ ಪಫ್‌ಗೆ.

ಹುಟ್ಟುಹಬ್ಬ, ಕ್ರಿಸ್‌ಮಸ್ ಸಂಜೆ, ಇಫ್ತಾರ್ ಕೂಟ, ಕ್ರಿಕೆಟ್ ಪಂದ್ಯ ನೋಡಲು ಸೇರುವ ಗೆಳೆಯರ ಗುಂಪು, ಹೀಗೆ ಮನೆಗೆ ಇಪ್ಪತ್ತು ಮೂವತ್ತು ಜನ ಬರುವ ದಿನ ಊಟಕ್ಕೆ ಮುಂಚೆ ಕೈಗೆ ಕೊಡಲು ಮಾಂಸದ ಪಫ್‌ನಷ್ಟು ಅನುಕೂಲದ ತಿಂಡಿ ಕಡಿಮೆ. ತಟ್ಟೆ ಬೇಡ, ಚಮಚ ಬೇಡ, ಸಾರು ಸೋರುವುದಿಲ್ಲ. ಒಂದು ಪೇಪರ್ ನ್ಯಾಪ್‌ಕಿನ್ ಸಾಕು. ಅದೂ ಯಾಕೆಂದರೆ, ತಿನ್ನುವವರ ಅಂಗಿಯ ಮೇಲೆ ಚೂರು ಉದುರದಿದ್ದರೆ ಅದು ಪಫ್ಸೇ ಅಲ್ಲ.

ಬೇಕರಿಯಿಂದ ತರಿಸುವುದು ಸುಲಭ. ಆದರೆ ಪಫ್ ಡಬ್ಬಿಯೊಳಗೆ ಕೂತು, ಟ್ರಾಫಿಕ್ಕಿನಲ್ಲಿ ಸಿಕ್ಕಿ, ಮನೆ ಸೇರುವ ಹೊತ್ತಿಗೆ ಮೆತ್ತಗಾಗಿರುತ್ತದೆ. ಅದಕ್ಕೇ ಮನೆಯಲ್ಲಿ ಓವನ್ ಇಟ್ಟುಕೊಂಡವರು ತಾವೇ ಮಾಡಿ ನೋಡುತ್ತಾರೆ. ಮಾಡಿದವರಲ್ಲಿ ಹೆಚ್ಚಿನವರಿಗೆ ಮಸಾಲೆ ಕೈಕೊಡುವುದಿಲ್ಲ. ಕೈಮಾ ಹುರಿಯುವುದು ನಮ್ಮ ಅಡುಗೆಮನೆಗಳಿಗೆ ಹೊಸದೇನಲ್ಲ. ಎಡವುವುದು ಎರಡೇ ಕಡೆ: ಹಿಟ್ಟು ಬೆಚ್ಚಗಾಗುತ್ತದೆ, ಇಲ್ಲವೇ ಹೂರಣದಲ್ಲಿ ನೀರು ಉಳಿಯುತ್ತದೆ. ಹಿಟ್ಟು ತಣ್ಣಗಿದ್ದು ಹೂರಣ ಒಣಗಿದ್ದರೆ ಉಳಿದ ತಪ್ಪುಗಳನ್ನು ಪಫ್ ಕ್ಷಮಿಸುತ್ತದೆ.

ದಂಡಿನಿಂದ ಬಂದ ತಿಂಡಿ

ಬೆಂಗಳೂರಿಗೆ ಬೇಕರಿ ಬಂದದ್ದು ದಂಡಿನ ದಾರಿಯಲ್ಲಿ. 1809ರಲ್ಲಿ ಬ್ರಿಟಿಷರು ಇಲ್ಲಿ ಕಂಟೋನ್ಮೆಂಟ್ ಸ್ಥಾಪಿಸಿದ ಮೇಲೆ ಸೈನಿಕರಿಗೂ ಅಧಿಕಾರಿಗಳಿಗೂ ಬ್ರೆಡ್ಡು ಬೇಕಾಯಿತು. ಬ್ರೆಡ್ಡಿನ ಭಟ್ಟಿ ಬಿಸಿ ಇರುವಾಗ ಬಿಸ್ಕತ್ತು, ಕೇಕು, ಪೈಗಳೂ ಬೆಂದವು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕೊಚ್ಚಿದ ಮಾಂಸಕ್ಕೆ ಅರಿಸಿನ, ಶುಂಠಿ, ಹಸಿಮೆಣಸು ಸೇರಿಸಿ ಪದರದ ಹಿಟ್ಟಿನಲ್ಲಿ ತುಂಬುವ ಕರಿ ಪಫ್ ಚಹಾದ ಹೊತ್ತಿನ ತಿಂಡಿಯಾಯಿತು. ಹಿಟ್ಟಿನ ಹದ ಯುರೋಪಿನದು, ಒಳಗಿನ ಮಸಾಲೆ ನಮ್ಮದು.

ಇತ್ತ ಪೇಟೆಯಲ್ಲಿ ಇನ್ನೊಂದು ಕಥೆ. ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬಗಳು ಬೇಕರಿ ವ್ಯಾಪಾರಕ್ಕೆ ಇಳಿದವು. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯನ್ನು ಈ ಪರಂಪರೆಯ ಮೊದಲ ಅಂಗಡಿ ಎನ್ನುತ್ತಾರೆ. ಸಾಂಪ್ರದಾಯಿಕವಾಗಿ ಮೊಟ್ಟೆಯನ್ನೂ ಮುಟ್ಟದ ಈ ಬೇಕರಿಗಳು ಪಫ್‌ನೊಳಗೆ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಈರುಳ್ಳಿಯ ಖಾರದ ಪಲ್ಯ ತುಂಬಿ ಅದನ್ನು ರಾಜ್ಯದ ಮೂಲೆಮೂಲೆಗೂ ಮುಟ್ಟಿಸಿದವು. ಹೀಗೆ ಒಂದೇ ಊರಿನಲ್ಲಿ ಒಂದೇ ಹಿಟ್ಟು ಎರಡು ದಾರಿ ಹಿಡಿಯಿತು. ಗಾಂಧಿ ಬಜಾರಿನ ಪಫ್‌ಗೂ ಫ್ರೇಜರ್ ಟೌನಿನ ಪಫ್‌ಗೂ ಹೊರಮೈ ಒಂದೇ, ಕಚ್ಚಿದಾಗ ಸಿಗುವುದು ಬೇರೆ.

ಬೇರೆ ಊರುಗಳಲ್ಲೂ ಇದರ ಬಂಧುಗಳಿದ್ದಾರೆ. ಕೋಲ್ಕತ್ತದ ನ್ಯೂ ಮಾರ್ಕೆಟ್‌ನಲ್ಲಿರುವ ನಾಹೂಮ್ಸ್ ಬೇಕರಿಯನ್ನು ಬಾಗ್ದಾದ್ ಮೂಲದ ಯಹೂದಿ ಕುಟುಂಬ ಆರಂಭಿಸಿದ್ದೂ 1902ರಲ್ಲೇ. ಅಲ್ಲಿ ಕ್ರಿಸ್‌ಮಸ್ ಕಾಲದಲ್ಲಿ ಕೇಕಿಗೆ ಉದ್ದನೆಯ ಸಾಲು ನಿಲ್ಲುತ್ತದೆ. ಚಿಕನ್ ಪ್ಯಾಟಿಸ್ ಕೂಡ ಆ ಅಂಗಡಿಯ ಹಳೆಯ ಹೆಸರುವಾಸಿ ತಿಂಡಿ. ಮುಂಬೈಯವರಿಗೂ ಇದು ಪ್ಯಾಟಿಸ್, ಕೇರಳದವರಿಗೆ ನಮ್ಮಂತೆಯೇ ಪಫ್ಸ್. ಹೈದರಾಬಾದಿನ ಮದುವೆಗಳಲ್ಲಿ ಬಿರಿಯಾನಿಗೆ ಮುಂಚೆ ಬಡಿಸುವ ಲುಖ್ಮಿಯೂ ಇದೇ ಜಾತಿಗೆ ಹತ್ತಿರ. ಚೌಕಾಕಾರದ ಮೈದಾ ಹಾಳೆಯೊಳಗೆ ಖೀಮಾ ಇಟ್ಟು ಎಣ್ಣೆಯಲ್ಲಿ ಕರಿಯುತ್ತಾರೆ.

ಪದರ ಹುಟ್ಟಿದ್ದು ಎಲ್ಲಿ?

ಪದರದ ಹಿಟ್ಟಿನ ಬಗ್ಗೆ ಒಂದು ಜನಪ್ರಿಯ ದಂತಕಥೆ ಇದೆ. ಹದಿನೇಳನೇ ಶತಮಾನದ ಫ್ರೆಂಚ್ ಚಿತ್ರಕಾರ ಕ್ಲೋಡ್ ಲೊರೇನ್ ಚಿಕ್ಕವನಿದ್ದಾಗ ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದನಂತೆ. ಹಿಟ್ಟಿಗೆ ಬೆಣ್ಣೆ ಬೆರೆಸಲು ಮರೆತು, ಆಮೇಲೆ ಅದನ್ನು ಒಳಗಿಟ್ಟು ಮಡಚಿ ಲಟ್ಟಿಸಿದನಂತೆ. ಕೇಳಲು ಚೆಂದ, ನಂಬಲು ಕಷ್ಟ. ಲೀಜ್ ನಗರದ ರಾಜ-ಬಿಷಪ್‌ಗಳ ಅಡುಗೆಯವನಾಗಿದ್ದ ಲಾನ್ಸಲೋ ದ ಕಾಸ್ಟೋ 1604ರಲ್ಲಿ ಅಚ್ಚು ಹಾಕಿಸಿದ ಪಾಕಪುಸ್ತಕದಲ್ಲೇ ಇಂಥ ಹಿಟ್ಟಿನ ವಿಧಾನವಿದೆ. ಆಗ ಚಿತ್ರಕಾರನಿಗೆ ಬೇಕರಿಯಲ್ಲಿ ಕೆಲಸ ಕಲಿಯುವ ವಯಸ್ಸೇ ಆಗಿರಲಿಲ್ಲ. ಸ್ಪೇನ್‌ನಲ್ಲೂ ಅದೇ ಕಾಲಕ್ಕೆ ಇಂಥ ಪದರದ ತಿಂಡಿ ರೂಢಿಯಲ್ಲಿತ್ತು. ಫ್ರಾನ್ಸಿನಲ್ಲಿ ಲಾ ವರೇನ್‌ನ 1651ರ ಪುಸ್ತಕದ ಕಾಲದಿಂದ ಅದು ಇನ್ನಷ್ಟು ನಯಗೊಂಡಿತು.

ಕನ್ನಡಿಗರಿಗೆ ಈ ತತ್ವ ಅಪರಿಚಿತವಲ್ಲ. ಚಿರೋಟಿ ಮಾಡುವವರು ಹಾಳೆ ಹಾಳೆಯ ನಡುವೆ ತುಪ್ಪ ಮತ್ತು ಅಕ್ಕಿ ಹಿಟ್ಟಿನ ಸಾಟಿ ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಲಟ್ಟಿಸಿ ಕರಿಯುತ್ತಾರೆ. ಎಣ್ಣೆಗೆ ಬಿದ್ದ ಕೂಡಲೇ ಪದರಗಳು ಬಿಚ್ಚಿಕೊಳ್ಳುತ್ತವೆ. ಪಫ್‌ನಲ್ಲಿ ಸಾಟಿಯ ಜಾಗದಲ್ಲಿ ಬೆಣ್ಣೆಯ ಗಟ್ಟಿ ಹಾಳೆ, ಬಾಣಲೆಯ ಜಾಗದಲ್ಲಿ ಓವನ್ ಇರುತ್ತದೆ. ಚಿರೋಟಿಯ ಕೈ ಇದ್ದವರಿಗೆ ಪಫ್ ಬೇಗ ಒಲಿಯುತ್ತದೆ.

ಉಬ್ಬಿಸುವುದು ನೀರು

ಪಫ್‌ಗೆ ಯೀಸ್ಟ್ ಇಲ್ಲ, ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಅದನ್ನು ಎತ್ತುವುದು ಆವಿ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಿಟ್ಟಿನಲ್ಲೂ ನೀರಿದೆ, ಬೆಣ್ಣೆಯಲ್ಲೂ ಶೇ 16ರ ಆಸುಪಾಸು ನೀರಿದೆ. ಓವನ್ನಿನ ಬಿಸಿಗೆ ಆ ನೀರು ಆವಿಯಾಗಿ ಮೇಲೇಳಲು ನೋಡುತ್ತದೆ. ಕರಗಿದ ಕೊಬ್ಬು ಒಂದು ಪದರಕ್ಕೆ ಇನ್ನೊಂದು ಅಂಟದಂತೆ ತಡೆಯುತ್ತದೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗುತ್ತದೆ, ಉಬ್ಬಿದ್ದು ಉಬ್ಬಿದಂತೆಯೇ ನಿಲ್ಲುತ್ತದೆ.

ಹಿಟ್ಟು ತಣ್ಣಗಿರಬೇಕಾದದ್ದು ಇದಕ್ಕೇ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗಿಬಿಡುತ್ತದೆ, ಅದಕ್ಕೂ ಮುಂಚೆಯೇ ಮೇಣದಂತೆ ಮೆತ್ತಗಾಗುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಹಿಟ್ಟಿಗೆ ಇಳಿದರೆ ಪದರ ಉಳಿಯುವುದಿಲ್ಲ, ಪಫ್ ಹೋಗಿ ಬಿಸ್ಕತ್ತಾಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಇರುವವರು ಬೆಳಿಗ್ಗೆ ಆರಕ್ಕೆಲ್ಲ ಹಿಟ್ಟಿನ ಕೆಲಸ ಮುಗಿಸುವುದು ಒಳ್ಳೆಯದು.

ಬೇಕರಿಗಳು ಈ ತೊಂದರೆಯಿಂದ ಪಾರಾಗಿದ್ದು ಮಾರ್ಗರಿನ್‌ನಿಂದ. ಪಫ್‌ಗೆಂದೇ ತಯಾರಾಗುವ ಮಾರ್ಗರಿನ್ ಬೆಣ್ಣೆಗಿಂತ ಹೆಚ್ಚು ಶಾಖ ತಡೆಯುತ್ತದೆ, ಅಗ್ಗವೂ ಹೌದು, ಲಟ್ಟಿಸಲು ಸಲೀಸು. ಅದರ ಕೊರತೆ ಬಾಯಲ್ಲಿ ತಿಳಿಯುತ್ತದೆ. ದೇಹದ ಶಾಖಕ್ಕೆ ಪೂರ್ತಿ ಕರಗದ ಕೊಬ್ಬು ತಿಂದ ಮೇಲೂ ಅಂಗುಳಕ್ಕೆ ಜಿಡ್ಡಾಗಿ ಅಂಟಿಕೊಂಡಿರುತ್ತದೆ. ಹಿಂದೆ ಇಂಥ ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಹೆಚ್ಚಿರುತ್ತಿತ್ತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟ್‌ನ ಮಿತಿಯನ್ನು ಶೇ 2ಕ್ಕೆ ಇಳಿಸಿದೆ. ಮನೆಯ ಕೂಟಕ್ಕೆ, ಅದೂ ವರ್ಷಕ್ಕೆ ಒಂದೆರಡು ಬಾರಿ ಮಾಡುವಾಗ, ಬೆಣ್ಣೆಯೇ ಸೈ.

ಅರವತ್ತು ಪಫ್‌ನ ಲೆಕ್ಕ

ಇಪ್ಪತ್ತೈದು ಮೂವತ್ತು ಜನರಿಗೆ ತಲಾ ಎರಡರಂತೆ ಏಳು ಸೆಂಟಿಮೀಟರ್ ಚೌಕದ ಅರವತ್ತು ಪುಟ್ಟ ಪಫ್ ಬೇಕು ಎಂದುಕೊಳ್ಳೋಣ. ಬೇಕರಿಯ ಅಂಗೈಯಗಲದ ಪಫ್ ಹೊಟ್ಟೆ ತುಂಬಿಸಿಬಿಡುತ್ತದೆ, ಊಟಕ್ಕೆ ಮುಂಚಿನ ತಿಂಡಿಗೆ ಅದು ದೊಡ್ಡದಾಯಿತು. ಇಷ್ಟಕ್ಕೆ ಮೈದಾ 500 ಗ್ರಾಂ, ಐಸ್‌ನಂತೆ ತಣ್ಣಗಿರುವ ನೀರು 250ರಿಂದ 270 ಮಿಲಿಲೀಟರ್, ಉಪ್ಪು ಒಂದೂವರೆ ಟೀ ಚಮಚ, ನಿಂಬೆರಸ ಒಂದು ಟೀ ಚಮಚ, ಹಿಟ್ಟಿಗೆ ಕಲೆಸಲು ಬೆಣ್ಣೆ 50 ಗ್ರಾಂ, ಪದರಕ್ಕೆ ಬೆಣ್ಣೆ 400 ಗ್ರಾಂ. ಅಂಗಡಿಯಲ್ಲಿ ಸಿಗುವ ಉಪ್ಪಿನ ಬೆಣ್ಣೆ ಬಳಸಿದರೆ ಹಿಟ್ಟಿಗೆ ಉಪ್ಪು ಅರ್ಧಕ್ಕಿಳಿಸಿ.

ಹಿಟ್ಟನ್ನು ಚಪಾತಿಯಂತೆ ಮಿದಿಯುವುದು ಬೇಡ. ಒಂದುಗೂಡಿದರೆ ಸಾಕು, ಮುಚ್ಚಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಪದರದ ಬೆಣ್ಣೆಯನ್ನು ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಣಿಗೆಯಿಂದ ತಟ್ಟಿ ಒಂದು ಸೆಂಟಿಮೀಟರ್ ದಪ್ಪದ ಚೌಕ ಮಾಡಿ ಅದನ್ನೂ ತಣ್ಣಗಾಗಿಸಿ. ಬಾಗಿಸಿದರೆ ಬೆಣ್ಣೆ ಮುರಿಯಬಾರದು, ಒತ್ತಿದರೆ ಬೆರಳಿಗೆ ಅಂಟಲೂಬಾರದು. ಹಿಟ್ಟೂ ಅದೇ ಹದದಲ್ಲಿರಬೇಕು. ಬೆಣ್ಣೆ ಹೆಚ್ಚು ಗಟ್ಟಿಯಾಗಿದ್ದರೆ ಒಳಗೇ ಚೂರಾಗಿ ಹಿಟ್ಟನ್ನು ಹರಿಯುತ್ತದೆ, ಮೆತ್ತಗಿದ್ದರೆ ಅಂಚಿನಿಂದ ಹೊರಬರುತ್ತದೆ.

ಬೆಣ್ಣೆಯನ್ನು ಹಿಟ್ಟಿನೊಳಗೆ ಲಕೋಟೆಯಂತೆ ಸುತ್ತಿ, ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಮಾಡಿ. ತೊಂಬತ್ತು ಡಿಗ್ರಿ ತಿರುಗಿಸಿ, ಮತ್ತೆ ಲಟ್ಟಿಸಿ, ಮತ್ತೆ ಮೂರು ಮಡಿಕೆ. ಪ್ರತಿ ಎರಡು ಸುತ್ತಿಗೊಮ್ಮೆ ಅರ್ಧ ಗಂಟೆ ಫ್ರಿಜ್ಜು. ಒಂದು ಸುತ್ತಿಗೆ ಬೆಣ್ಣೆಯ ಪದರ 3, ಎರಡಕ್ಕೆ 9, ಮೂರಕ್ಕೆ 27. ಹೀಗೆ ಆರು ಸುತ್ತು ಮುಗಿಸಿದರೆ 729. ನಾಲ್ಕು ಸುತ್ತಿಗೇ ನಿಲ್ಲಿಸಿದರೆ 81 ಪದರ, ಪಫ್ ಕೊಂಚ ಒರಟಾಗಿ, ದೊಡ್ಡ ದೊಡ್ಡ ಎಸಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಖೀಮಾಗೆ ಆ ಒರಟುತನವೂ ಚೆನ್ನಾಗಿಯೇ ಒಪ್ಪುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಹರಿತವಾದ ಚಾಕುವಿನಿಂದ ಹಿಟ್ಟಿನ ಒಂದು ಅಂಚನ್ನು ಕತ್ತರಿಸಿ ನೋಡಿ. ನಾಲ್ಕನೇ ಸುತ್ತಿನ ನಂತರ ಬಿಳಿ ಹಿಟ್ಟು, ತೆಳುಹಳದಿ ಬೆಣ್ಣೆ, ಮತ್ತೆ ಬಿಳಿ, ಮತ್ತೆ ಹಳದಿ ಎಂದು ಗೆರೆಗಳು ನೇರವಾಗಿ ಕಾಣಬೇಕು. ಗೆರೆ ಅಲ್ಲಲ್ಲಿ ಕಡಿದು ಹಳದಿ ಚುಕ್ಕೆಗಳಾಗಿದ್ದರೆ ಬೆಣ್ಣೆ ತೀರಾ ಗಟ್ಟಿಯಾಗಿತ್ತು ಎಂದರ್ಥ. ಗೆರೆಯೇ ಇಲ್ಲದೆ ಅಂಚೆಲ್ಲ ಒಂದೇ ಬಣ್ಣವಾಗಿದ್ದರೆ ಬೆಣ್ಣೆ ಹಿಟ್ಟಿಗಿಳಿದಿದೆ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ನಗರಗಳ ಸೂಪರ್ ಮಾರ್ಕೆಟ್‌ಗಳಲ್ಲಿ ಫ್ರೋಜನ್ ಪಫ್ ಶೀಟ್ ಸಿಗುತ್ತದೆ. ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳು ಊರಿನ ಬೇಕರಿ ಪಫ್‌ನ ಆಸೆ ತೀರಿಸಿಕೊಳ್ಳುವುದೂ ಇದರಿಂದಲೇ. ಅಲ್ಲಿ ಸುಲಭಕ್ಕೆ ಸಿಗುವ ಪೆಪರಿಜ್ ಫಾರ್ಮ್ ಡಬ್ಬಿಯಲ್ಲಿ ಎರಡು ಹಾಳೆ, ಒಟ್ಟು 490 ಗ್ರಾಂ. ಒಂದೊಂದು ಹಾಳೆಯನ್ನು ಹದಿನಾರು ಚೌಕ ಮಾಡಿದರೆ ಒಂದು ಡಬ್ಬಿಗೆ ಮೂವತ್ತೆರಡು ಪುಟ್ಟ ಪಫ್. ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ, ಬೆಣ್ಣೆಯದೋ ಸಸ್ಯಜನ್ಯ ಕೊಬ್ಬಿನದೋ ತಿಳಿಯುತ್ತದೆ. ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಶೆಲ್ಫಿಗೆ ಇಳಿಸಿದರೆ ಬೆಳಿಗ್ಗೆ ಮಡಚಲು ಹದವಾಗಿರುತ್ತದೆ.

ಕೈಮಾದಲ್ಲಿ ನೀರು ಉಳಿಯಬಾರದು

ಅರವತ್ತು ಪಫ್‌ಗೆ ಮುಕ್ಕಾಲು ಕೆ.ಜಿ. ಮಟನ್ ಕೈಮಾ ಸಾಕು. ಅಂಗಡಿಯವರಿಗೆ ಕೊಬ್ಬು ಕಡಿಮೆ ಹಾಕಿ, ಎರಡು ಸಲ ಕೊಚ್ಚಿ ಎಂದು ಹೇಳಿ. ದಪ್ಪ ತುಂಡುಗಳಿದ್ದರೆ ಹಿಟ್ಟು ಹರಿಯುತ್ತದೆ. ತೊಳೆದ ಕೈಮಾವನ್ನು ಜಾಲರಿಯಲ್ಲಿ ಹಾಕಿ ನೀರು ಪೂರ್ತಿ ಬಸಿಯಲು ಬಿಡಬೇಕು.

ಅಗಲ ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಮೂರು ಈರುಳ್ಳಿಯನ್ನು ಕೆಂಪಗೆ ಹುರಿಯಿರಿ. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಎರಡು ಚಮಚ, ಹಸಿಮೆಣಸು ನಾಲ್ಕು. ಹಸಿ ವಾಸನೆ ಹೋದ ಮೇಲೆ ಕೈಮಾ, ಅರಿಸಿನ, ಉಪ್ಪು. ಉರಿ ಜೋರಾಗಿಯೇ ಇರಲಿ, ಮುಚ್ಚಳ ಬೇಡ. ಮೊದಲು ಕೈಮಾ ನೀರು ಬಿಡುತ್ತದೆ, ಕುದಿಯುವ ಸದ್ದು ಕೇಳುತ್ತದೆ. ಆ ನೀರಲ್ಲೇ ಬೇಯಲಿ, ಬೇಕಾದರೆ ಸ್ವಲ್ಪ ಬಿಸಿನೀರು ಚಿಮುಕಿಸಿ. ಬೆಂದ ಮೇಲೆ ನೀರೆಲ್ಲ ಇಂಗಿ, ಸದ್ದು ಬದಲಾಗಿ ಎಣ್ಣೆಯಲ್ಲಿ ಚಟಪಟ ಎನ್ನಲು ಶುರುವಾಗುತ್ತದೆ. ಖಾರದ ಪುಡಿ, ಧನಿಯಾ, ಕಾಳುಮೆಣಸು, ಗರಂ ಮಸಾಲೆ ಬೀಳುವುದು ಆಗ. ಟೊಮೆಟೊ, ಮೊಸರು ಎರಡೂ ಬೇಡ, ಎರಡೂ ನೀರನ್ನೇ ತರುತ್ತವೆ. ಹುಳಿ ಬೇಕೆನಿಸಿದರೆ ಕೊನೆಗೆ ಆಮ್‌ಚೂರ್ ಉದುರಿಸಬಹುದು. ಕೊತ್ತಂಬರಿ, ಪುದೀನ ಹಾಕುವುದು ಒಲೆ ಆರಿಸಿದ ಮೇಲೆ.

ಇಲ್ಲಿ ಹಳೇ ಮೈಸೂರಿನ ಕಡೆಯ ಕೈಮಾ ಉಂಡೆಯ ಉಪಾಯ ಕೆಲಸಕ್ಕೆ ಬರುತ್ತದೆ. ಉಂಡೆ ಒಡೆಯದಿರಲೆಂದು ಅಲ್ಲಿ ಹುರಿಗಡಲೆ ಪುಡಿ ಬೆರೆಸುತ್ತಾರೆ. ಪಫ್‌ನ ಹೂರಣಕ್ಕೂ ಒಂದೆರಡು ಚಮಚ ಹುರಿಗಡಲೆ ಪುಡಿ ಸೇರಿಸಿದರೆ ಅಳಿದುಳಿದ ತೇವವನ್ನೂ ರಸವನ್ನೂ ಅದು ಹೀರಿಕೊಳ್ಳುತ್ತದೆ, ಕೈಮಾ ಉದುರುದುರಾಗದೆ ಒಂದು ಹಿಡಿಯಾಗಿ ನಿಲ್ಲುತ್ತದೆ. ಚಕ್ಕೆ, ಲವಂಗ, ಗಸಗಸೆ ಹುರಿದು ಪುಡಿ ಮಾಡಿ ಹಾಕಿದರೆ ರುಚಿಯೂ ಕಂಟೋನ್ಮೆಂಟಿನಿಂದ ಮಂಡ್ಯದ ಕಡೆಗೆ ತಿರುಗುತ್ತದೆ.

ಮಾಡಿದ ಕೈಮಾವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾಂಸದ ಅಡುಗೆ ಹೊರಗೆ ಹೆಚ್ಚು ಹೊತ್ತು ಇರಬಾರದು. ತಣ್ಣಗಾಗದ ಹೂರಣವನ್ನು ಹಿಟ್ಟಿನ ಮೇಲೆ ಇಟ್ಟರೆ ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ಬೆಣ್ಣೆ ಅಲ್ಲೇ ಕರಗುತ್ತದೆ.

ಮಡಚುವುದು, ಬೇಯಿಸುವುದು

ಹಿಟ್ಟನ್ನು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಂಚುಗಳನ್ನು ಕತ್ತರಿಸಿ ತೆಗೆದು, ಚೌಕಗಳನ್ನು ಮಾಡಿ. ಚಾಕು ನೇರವಾಗಿ ಇಳಿಯಬೇಕು. ಎಳೆದು ಕೊಯ್ದರೆ ಅಂಚಿನ ಪದರಗಳು ಒಂದಕ್ಕೊಂದು ಅಂಟಿ ಆ ಬದಿ ಏಳುವುದೇ ಇಲ್ಲ. ಒಂದೊಂದಕ್ಕೆ ಎರಡು ಟೀ ಚಮಚದಷ್ಟು ಹೂರಣ, ಹನ್ನೆರಡು ಗ್ರಾಂ ಸುಮಾರು. ಆಸೆಗೆ ಬಿದ್ದು ಹೆಚ್ಚು ತುಂಬಿದರೆ ಬಾಯಿ ಬಿಡುತ್ತದೆ. ಅಂಚಿಗೆ ನೀರು ಸವರಿ ಮಡಚಿ, ಫೋರ್ಕಿನಿಂದ ಒತ್ತಿ, ನೆತ್ತಿಯಲ್ಲಿ ಆವಿಗೆ ಒಂದು ಸಣ್ಣ ಗೀರು ಹಾಕಿ. ಒಂದು ಮೊಟ್ಟೆಗೆ ಒಂದು ಚಮಚ ಹಾಲು ಕಲಸಿ ಮೇಲ್ಮೈಗೆ ಮಾತ್ರ ಬಳಿಯಿರಿ. ಬದಿಗೆ ಇಳಿದ ಮೊಟ್ಟೆ ಪದರಗಳನ್ನು ಗೋಂದಿನಂತೆ ಹಿಡಿದುಕೊಳ್ಳುತ್ತದೆ.

ಸಸ್ಯಾಹಾರಿಗಳೂ ಬರುವ ಕೂಟವಾದರೆ ಬೇಕರಿಗಳ ಒಂದು ಪದ್ಧತಿ ಅನುಸರಿಸುವಂಥದ್ದು. ಹಲವು ಬೇಕರಿಗಳಲ್ಲಿ ಪಫ್‌ನ ಆಕಾರ ನೋಡಿಯೇ ಒಳಗೇನಿದೆ ಎಂದು ಹೇಳಬಹುದು. ಮನೆಯಲ್ಲೂ ತರಕಾರಿಯದನ್ನು ತ್ರಿಕೋನವಾಗಿ, ಮಾಂಸದ್ದನ್ನು ಆಯತವಾಗಿ ಮಡಚಿ. ತರಕಾರಿಯದಕ್ಕೆ ಮೊಟ್ಟೆಯ ಬದಲು ಹಾಲು ಬಳಿದು, ಬೇರೆ ಟ್ರೇಯಲ್ಲಿ ಮೊದಲೇ ಬೇಯಿಸಿ ತೆಗೆದಿಡಿ. ಬಂದವರು ಅನುಮಾನದಿಂದ ಮುರಿದು ನೋಡುವ ಮುಜುಗರ ತಪ್ಪುತ್ತದೆ.

ಓವನ್ 200 ಡಿಗ್ರಿಗೆ ಹದಿನೈದು ನಿಮಿಷವಾದರೂ ಕಾದಿರಬೇಕು. ಬಿಸಿ ಕಡಿಮೆಯಾದರೆ ಆವಿ ಹುಟ್ಟುವ ಮೊದಲೇ ಬೆಣ್ಣೆ ಹರಿದು ಟ್ರೇ ತುಂಬುತ್ತದೆ. 200ರಲ್ಲಿ ಹದಿನೆಂಟು ನಿಮಿಷ, ಆಮೇಲೆ 180ಕ್ಕಿಳಿಸಿ ಐದಾರು ನಿಮಿಷ. ಮೇಲೆ ಹೊಂಬಣ್ಣ ಬಂತೆಂದು ಹೊರತೆಗೆಯುವ ಆತುರ ಬೇಡ. ಒಂದನ್ನು ಎತ್ತಿ ತಳ ನೋಡಿ, ಅದೂ ಕಂದಾಗಿರಬೇಕು. ತಳ ಬೆಳ್ಳಗಿದ್ದರೆ ಒಳಪದರ ಇನ್ನೂ ಹಸಿ.

ಲೆಕ್ಕ ತಪ್ಪುವುದು ಸಮಯದಲ್ಲಿ. ಮನೆಯ ಮೂವತ್ತು ಲೀಟರಿನ ಒಟಿಜಿಯಲ್ಲಿ ಒಮ್ಮೆಗೆ ಹನ್ನೆರಡರಿಂದ ಹದಿನೈದು ಪುಟ್ಟ ಪಫ್ ಹಿಡಿದರೆ ಹೆಚ್ಚು. ಅರವತ್ತು ಬೇಯಲು ನಾಲ್ಕೈದು ಸರದಿ, ಎಂದರೆ ಹೆಚ್ಚುಕಡಿಮೆ ಎರಡು ಗಂಟೆ. ಆದ್ದರಿಂದ ಹಿಟ್ಟು, ಹೂರಣ, ಮಡಚುವ ಕೆಲಸವೆಲ್ಲ ಹಿಂದಿನ ವಾರವೇ ಮುಗಿಯಲಿ. ಮಡಚಿದ ಹಸಿ ಪಫ್‌ಗಳನ್ನು ಟ್ರೇಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಆಮೇಲೆ ಡಬ್ಬಿಗೆ ತುಂಬಿದರೆ ಒಂದು ತಿಂಗಳು ಕೆಡದು. ಬೇಯಿಸುವಾಗ ಕರಗಿಸುವ ಅಗತ್ಯವಿಲ್ಲ, ಮೊಟ್ಟೆ ಬಳಿದು ನೇರವಾಗಿ ಬಿಸಿ ಓವನ್ನಿಗೆ ಇಟ್ಟು ಐದು ನಿಮಿಷ ಹೆಚ್ಚು ಕೊಡಿ. ಚಳಿಯಲ್ಲಿ ಗಟ್ಟಿಯಾದ ಬೆಣ್ಣೆಯಿಂದ ಪಫ್ ಇನ್ನೂ ಚೆನ್ನಾಗಿ ಏಳುತ್ತದೆ.

ಬೆಂದದ್ದನ್ನು ಹಾಟ್‌ಬಾಕ್ಸಿಗೆ ಹಾಕಿ ಮುಚ್ಚುವ ಅಭ್ಯಾಸ ಪಫ್‌ಗೆ ಆಗದು. ಅದರದೇ ಆವಿ ಮುಚ್ಚಳಕ್ಕೆ ಹನಿಕಟ್ಟಿ ಮತ್ತೆ ಅದರ ಮೇಲೇ ಬೀಳುತ್ತದೆ. ತಂತಿ ಜಾಲರಿಯ ಮೇಲೆ ತೆರೆದಿಟ್ಟು, ಕೊಡುವ ಮುಂಚೆ 160 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿದರೆ ಗರಿಗರಿ ಮರಳುತ್ತದೆ. ಮೈಕ್ರೋವೇವ್ ಮಾತ್ರ ಬೇಡ, ಅದರಲ್ಲಿ ಪಫ್ ಬಿಸಿಯಾಗುತ್ತದೆ, ಆದರೆ ರಬ್ಬರಾಗುತ್ತದೆ.

ಜೊತೆಗೆ ಟೊಮೆಟೊ ಕೆಚಪ್ ಇಡುವುದು ಬೇಕರಿಗಳ ರೂಢಿ. ಸರಿಯಾಗಿ ಮಸಾಲೆ ಹಿಡಿದ ಕೈಮಾಗೆ ಅದರ ಸಿಹಿ ಬೇಡ. ಪುದೀನ ಚಟ್ನಿ ಸಾಕು, ಇಲ್ಲವೇ ನಿಂಬೆರಸ ಹಿಂಡಿದ ಈರುಳ್ಳಿ.

ಮೊದಲ ಸಲ ಮಾಡುವವರು ಕೂಟದ ದಿನವೇ ಓವನ್ನಿನೊಂದಿಗೆ ಜೂಜಾಡುವುದು ಬೇಡ. ಒಂದೊಂದು ಓವನ್ನಿನ ಉರಿ ಒಂದೊಂದು ಥರ, ಡಯಲ್ಲಿನ ಮೇಲೆ 200 ಎಂದಿದ್ದರೂ ಒಳಗೆ ಅಷ್ಟಿರುತ್ತದೆಂಬ ಖಾತ್ರಿಯಿಲ್ಲ. ಮಡಚಿಟ್ಟ ಅರವತ್ತರಲ್ಲಿ ನಾಲ್ಕನ್ನು ಹಿಂದಿನ ದಿನ ಬೇಯಿಸಿ ಮನೆಯವರಿಗೆ ಕೊಡಿ. ತಳ ಬೆಂದಿದೆಯೇ, ಖಾರ ಸಾಕೇ, ಎಷ್ಟು ನಿಮಿಷ ಬೇಕು ಎಂಬ ಮೂರು ಪ್ರಶ್ನೆಗೂ ಉತ್ತರ ಸಿಗುತ್ತದೆ. ಉಳಿದ ಐವತ್ತಾರು ಅತಿಥಿಗಳಿಗೆ ಸಾಕಾಗುತ್ತವೆ.